ಕರಿಹಂದಿಯನ್ನು ಆರಿಸಿದವರು ಯಾರು?

ಮಲೆನಾಡಿನಲ್ಲಿ ಗದ್ದೆ, ತೋಟ ಇಟ್ಟುಕೊಂಡವರಿಗೆ ಕಾಡುಹಂದಿಯ ಮರಿ ಹೇಗಿರುತ್ತದೆಂದು ವರ್ಣಿಸಿ ಹೇಳಬೇಕಿಲ್ಲ. ಕಂದು ಮೈ, ಅದರ ಮೇಲೆ ಕತ್ತಿನಿಂದ ಹಿಂದೊಡೆಯವರೆಗೆ ಉದ್ದುದ್ದ ತಿಳಿಹಳದಿ ಪಟ್ಟೆ. ತರಗೆಲೆಯ ಮೇಲೆ ಬಿಸಿಲು-ನೆರಳು ಬಿದ್ದ ಕಡೆ ಮಲಗಿದ್ದರೆ ಎರಡು ಮಾರು ದೂರದಿಂದಲೂ ಕಣ್ಣಿಗೆ ಬೀಳುವುದಿಲ್ಲ. ಕೆಲವು ತಿಂಗಳಲ್ಲಿ ಪಟ್ಟೆ ಅಳಿಸಿ ಬೂದುಗಂದು ಕೂದಲು ಬರುತ್ತದೆ. ಅದೇ ಊರಿನ ಅಂಚಿನಲ್ಲಿ ಮೇಯುವ ನಾಟಿ ಹಂದಿಯ ಹಿಂದೆ ಓಡುವ ಮರಿಗಳಾದರೋ ಹುಟ್ಟುತ್ತಲೇ ಕಪ್ಪು; ಪಟ್ಟೆಯ ಸುಳಿವೂ ಇಲ್ಲ. ಎರಡೂ ಒಂದೇ ಪ್ರಭೇದ, ಸುಸ್ ಸ್ಕ್ರೋಫಾ. ಕೂಡಿದರೆ ಮರಿ ಹಾಕುತ್ತವೆ, ಆ ಮರಿಗಳಿಗೂ ಮರಿಯಾಗುತ್ತವೆ. (ಒಂದನ್ನು ಬಾದಾಮಿ ಚಾಲುಕ್ಯರು ಲಾಂಛನ ಮಾಡಿಕೊಂಡರು, ಇನ್ನೊಂದರ ಹೆಸರು ನಮ್ಮಲ್ಲಿ ಬೈಗುಳವಾಗಿ ಉಳಿಯಿತು. ಅದು ಬೇರೆಯೇ ಲೇಖನದ ವಿಷಯ.)

ಹಾಗಾದರೆ ಪಟ್ಟೆ ಎಲ್ಲಿ ಹೋಯಿತು?

ತಟ್ಟನೆ ಹೊಳೆಯುವ ಉತ್ತರ ಒಂದಿದೆ. ಊರಿನಲ್ಲಿ ಹುಲಿ, ಚಿರತೆಗಳ ಕಾಟ ಕಡಿಮೆ. ಅಡಗಿಕೊಳ್ಳುವ ಬಣ್ಣದ ಅಗತ್ಯ ತಪ್ಪಿತು. ಕಾಯುವವರಿಲ್ಲದ ವಂಶವಾಹಿಯಲ್ಲಿ ತಪ್ಪುಗಳು ತಾವಾಗಿ ಸೇರಿಕೊಂಡವು. ಹಂದಿಯನ್ನು ಕಪ್ಪು ಮಾಡಿದ್ದು ಯಾರ ಇಚ್ಛೆಯೂ ಅಲ್ಲ, ಬರಿಯ ಅಲಕ್ಷ್ಯ ಎಂಬ ವಾದ ಇದು. 2009ರಲ್ಲಿ ಮೇಯಿಂಗ್ ಫಾಂಗ್, ಗ್ರೆಗರ್ ಲಾರ್ಸನ್, ಲೀಫ್ ಆಂಡರ್ಸನ್ ಮತ್ತು ಸಂಗಡಿಗರು ಈ ವಾದವನ್ನು ಪರೀಕ್ಷೆಗೆ ಒಡ್ಡಿದರು. ಅವರು ನೋಡಿದ್ದು ಎಂಸಿ1ಆರ್ ಎಂಬ ಒಂದೇ ಒಂದು ವಂಶವಾಹಿಯನ್ನು. ಕೂದಲಿಗೆ ಕಪ್ಪು ಬಣ್ಣ ತುಂಬಬೇಕೋ ಕೆಂಪು-ಹಳದಿ ತುಂಬಬೇಕೋ ಎಂದು ತೀರ್ಮಾನಿಸುವ ಗುಂಡಿ ಅದು. ಯುರೋಪು ಮತ್ತು ಏಷ್ಯಾದ ಕಾಡುಹಂದಿಗಳು ಒಂದು ಕಡೆ, ಎರಡೂ ಖಂಡಗಳ ಸಾಕುಹಂದಿ ತಳಿಗಳು ಇನ್ನೊಂದು ಕಡೆ.

ಪರೀಕ್ಷೆಯ ಜಾಣತನ ಇರುವುದು ಇಲ್ಲಿ. ಡಿಎನ್‌ಎಯ ಮೂರು ಮೂರು ಅಕ್ಷರಗಳು ಸೇರಿ ಪ್ರೋಟೀನಿನ ಒಂದೊಂದು ಅಮೈನೋ ಆಮ್ಲವನ್ನು ಸೂಚಿಸುತ್ತವೆ. ಮೂರಕ್ಷರದ ಜೋಡಣೆಗಳು 64, ಅಮೈನೋ ಆಮ್ಲಗಳು ಇಪ್ಪತ್ತೇ. ಹೀಗಾಗಿ ಕೆಲವು ಅಕ್ಷರಗಳು ಬದಲಾದರೂ ಪ್ರೋಟೀನು ಬದಲಾಗುವುದಿಲ್ಲ. ಇವನ್ನು ಮೌನ ಬದಲಾವಣೆ ಎನ್ನುತ್ತಾರೆ. ಯಾರ ಒತ್ತಾಯವೂ ಇಲ್ಲದೆ ತಪ್ಪುಗಳು ಸುಮ್ಮನೆ ಜಮೆಯಾಗುತ್ತಿದ್ದರೆ ಮೌನ ಬದಲಾವಣೆ, ಮಾತಾಡುವ ಬದಲಾವಣೆ ಎರಡೂ ಬೆರೆತು ಸಿಗಬೇಕು. ಕಾಡುಹಂದಿಗಳಲ್ಲಿ ಸಿಕ್ಕ ಬದಲಾವಣೆಗಳೆಲ್ಲ ಮೌನವಾಗಿದ್ದವು. ಬಣ್ಣ ತಪ್ಪಿ ಹುಟ್ಟಿದ ಮರಿಯನ್ನು ಕಾಡು ಉಳಿಸಲಿಲ್ಲ. ಸಾಕುಹಂದಿಗಳಲ್ಲಿ ಲೆಕ್ಕ ತಿರುಗಿತ್ತು: ಸಿಕ್ಕವುಗಳಲ್ಲಿ ಹೆಚ್ಚೂಕಡಿಮೆ ಎಲ್ಲವೂ ಪ್ರೋಟೀನನ್ನು ಬದಲಾಯಿಸಿದವೇ. ಅಲಕ್ಷ್ಯದಿಂದ ಹೀಗಾಗದು. ಯಾರೋ ಬೇಕೆಂದೇ ಬೇರೆ ಬಣ್ಣದ ಮರಿಯನ್ನು ಉಳಿಸಿಕೊಂಡಿದ್ದಾರೆ, ಮತ್ತೆ ಮತ್ತೆ ಉಳಿಸಿಕೊಂಡಿದ್ದಾರೆ.

ಅದೂ ಒಂದೇ ಊರಿನವರಲ್ಲ. ಚೀನಾದ ಮೆಯ್‌ಶಾನ್ ಹಂದಿಯನ್ನು ಕಪ್ಪಾಗಿಸಿದ ಅಕ್ಷರವೇ ಬೇರೆ, ಹ್ಯಾಂಪ್‌ಶೈರ್ ಹಂದಿಯನ್ನು ಕಪ್ಪಾಗಿಸಿದ ಅಕ್ಷರವೇ ಬೇರೆ. ಒಂದೇ ಬಣ್ಣವನ್ನು ಏಷ್ಯಾದ ರೈತರೂ ಯುರೋಪಿನ ರೈತರೂ ಪರಸ್ಪರರ ಸುದ್ದಿಯಿಲ್ಲದೆ ಆರಿಸಿದ್ದರು. ಏಕೆ ಬೇಕಿತ್ತು ಕಪ್ಪು? ಪೊದೆಯಲ್ಲಿ ಮೇಯುತ್ತಿರುವುದು ತನ್ನ ಹಂದಿಯೋ ಕಾಡಿನದೋ ಎಂದು ದೂರದಿಂದಲೇ ಗುರುತಿಸಲು ಅನುಕೂಲ ಎಂಬುದು ಸಂಶೋಧಕರು ಕೊಡುವ ಒಂದು ಕಾರಣ. ಹೊಸತನದ ಆಸೆಯೂ ಇದ್ದಿರಬಹುದು. ಬೆಲೆ ಕಟ್ಟಲಾಗದ ಕಾರಣಗಳಿಗೆ ಮರಿ ಉಳಿಸಿಕೊಳ್ಳುವವರು ಪ್ರತಿ ಊರಿನಲ್ಲೂ ಇರುತ್ತಾರೆ.

ಬರ್ಕ್‌ಶೈರ್, ಪಿಯೆತ್ರೇನ್ ತಳಿಗಳ ಚುಕ್ಕೆಗಳ ಕತೆ ಇನ್ನೂ ಸೊಗಸು. ಯುರೋಪಿನ ಆ ಕಪ್ಪು ವಂಶವಾಹಿಯಲ್ಲೇ ಮುಂದೆಂದೋ ಎರಡು ಅಕ್ಷರಗಳು ಹೆಚ್ಚಾಗಿ ಸೇರಿಕೊಂಡು ಇಡೀ ವಾಕ್ಯ ಕೆಟ್ಟಿತು; ಕಪ್ಪು ಹೋಗಿ ಮೈ ಬಿಳಿಚಿತು. ಆದರೆ ಮರಿ ಗರ್ಭದಲ್ಲಿ ಬೆಳೆಯುವಾಗ ಕೆಲವು ಜೀವಕೋಶಗಳಲ್ಲಿ ಆ ಎರಡು ಅಕ್ಷರಗಳು ತಾವಾಗಿಯೇ ಉದುರಿಹೋಗುತ್ತವೆ. ಅಂಥ ಕೋಶದಿಂದ ಬೆಳೆದ ಚರ್ಮದ ಭಾಗ ಮತ್ತೆ ಕಪ್ಪು. ಪಿಯೆತ್ರೇನ್ ಹಂದಿಯ ಮೈಮೇಲಿನ ಒಂದೊಂದು ಕಪ್ಪು ಮಚ್ಚೆಯೂ ತಿದ್ದಿಕೊಂಡ ಒಂದೊಂದು ತಪ್ಪು. ಇದು ಗೊತ್ತಾದದ್ದು 2001ರಲ್ಲಿ.

ಬಣ್ಣವಾದರೆ ಕಣ್ಣಿಗೆ ಕಾಣುತ್ತದೆ; ಯಾವ ವಂಶವಾಹಿಯನ್ನು ನೋಡಬೇಕೆಂಬುದೂ ಮೊದಲೇ ಗೊತ್ತಿತ್ತು. ಕಾಣದ ಗುಣಗಳನ್ನು ಹುಡುಕುವುದು ಹೇಗೆ? ಹಂದಿಯ ಜೀನೋಮಿನಲ್ಲಿ ಸುಮಾರು 270 ಕೋಟಿ ಅಕ್ಷರಗಳಿವೆ. ಇಲ್ಲಿ ನೆರವಿಗೆ ಬರುವುದು ಜಾನ್ ಮೇನಾರ್ಡ್ ಸ್ಮಿತ್ ಮತ್ತು ಜಾನ್ ಹೇಗ್ 1974ರಲ್ಲಿ ಲೆಕ್ಕ ಕಟ್ಟಿ ತೋರಿಸಿದ ಒಂದು ವಿಚಾರ. ಕುಂಬಳಕಾಯಿ ಕಿತ್ತರೆ ಒಂದಷ್ಟು ಬಳ್ಳಿಯೂ ಕೈಗೆ ಬರುವಂತೆ, ಬೇಕಾದ ಒಂದು ಅಕ್ಷರವನ್ನು ಆರಿಸಿದರೆ ಅದರ ಅಕ್ಕಪಕ್ಕದ ಲಕ್ಷಾಂತರ ಅಕ್ಷರಗಳೂ ಜೊತೆಗೇ ಬಂದುಬಿಡುತ್ತವೆ. ಆ ಗುಣವುಳ್ಳ ಹಂದಿಯ ಸಂತತಿಯೇ ಊರೆಲ್ಲ ತುಂಬಿದಾಗ ಎಲ್ಲ ಹಂದಿಗಳಲ್ಲೂ ಆ ಜಾಗದ ಡಿಎನ್‌ಎ ಏಕರೂಪವಾಗುತ್ತದೆ. ಬೇರೆಡೆ ವೈವಿಧ್ಯ, ಅಲ್ಲಿ ಮಾತ್ರ ಬೋಳು. ತಳಿವಿಜ್ಞಾನಿಗಳು ಹುಡುಕುವುದು ಈ ಬೋಳು ಜಾಗಗಳನ್ನು. ಅವಕ್ಕೆ ಅವರಿಟ್ಟ ಹೆಸರು ಆಯ್ಕೆಯ ಗುರುತು.

ಹುಡುಕುವ ದಾರಿ ಹಲವು. ಒಂದು ತಳಿಯೊಳಗೇ ವೈವಿಧ್ಯ ಎಲ್ಲಿ ಕುಸಿದಿದೆ ಎಂದು ನೋಡಬಹುದು. ಎರಡು ತಳಿಗಳನ್ನು ಪಕ್ಕಪಕ್ಕದಲ್ಲಿಟ್ಟು ಎಲ್ಲಿ ಅತಿಹೆಚ್ಚು ಬೇರೆಯಾಗಿವೆ ಎಂದು ಅಳೆಯಬಹುದು. ಈ ಅಳತೆಗೋಲು ಅಮೆರಿಕದ ಸಿವಾಲ್ ರೈಟ್ ಕಾಲದ್ದು. ಬಳ್ಳಿಯ ಉದ್ದವನ್ನೂ ಅಳೆಯಬಹುದು: ತುಂಡು ಉದ್ದವಾಗಿದ್ದರೆ ಆಯ್ಕೆ ಇತ್ತೀಚಿನದು, ಏಕೆಂದರೆ ತಲೆಮಾರು ಕಳೆದಂತೆ ತಂದೆತಾಯಿಯ ವರ್ಣತಂತುಗಳು ಅದಲುಬದಲಾಗಿ ತುಂಡು ಚಿಕ್ಕದಾಗುತ್ತ ಹೋಗುತ್ತದೆ. ಆದರೆ ಬೋಳು ಕಂಡಲ್ಲೆಲ್ಲ ಆಯ್ಕೆ ನಡೆದಿದೆ ಎನ್ನಲು ಬಾರದು. ಒಮ್ಮೆ ರೋಗ ಬಡಿದು ಊರಿನಲ್ಲಿ ನಾಲ್ಕೇ ಹಂದಿ ಉಳಿದಿದ್ದರೂ ವೈವಿಧ್ಯ ಕುಸಿಯುತ್ತದೆ. ವರ್ಣತಂತುವಿನ ಕೆಲವು ಭಾಗಗಳಲ್ಲಿ ಅದಲುಬದಲು ಸಹಜವಾಗಿಯೇ ಅಪರೂಪ. ಈ ಕ್ಷೇತ್ರದ ಪ್ರಬಂಧಗಳಲ್ಲಿ ಬರುವ ಉದ್ದುದ್ದ ವಂಶವಾಹಿ ಪಟ್ಟಿಗಳನ್ನು ಓದುವಾಗ ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಬೇಕು. ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಗುಣಕ್ಕೂ ವಂಶವಾಹಿಗೂ ನಂಟು ಸಾಬೀತಾಗುವುದಿಲ್ಲ. ಸಾಬೀತಾದವು ಕೈಬೆರಳೆಣಿಕೆಯಷ್ಟು. ಆದರೆ ಸಾಬೀತಾದ ಆ ಕೆಲವು ಕತೆಗಳೇ ಬೆರಗು ಹುಟ್ಟಿಸಲು ಸಾಕು.

ಮೊದಲು ಬೆನ್ನು. ಕಾಡುಹಂದಿಯ ಎದೆ ಮತ್ತು ಸೊಂಟದ ಕಶೇರುಗಳು ಒಟ್ಟು 19. ಯುರೋಪಿನ ಫಾರ್ಮ್ ಹಂದಿಗಳಲ್ಲಿ 21ರಿಂದ 23. ಬೇಕನ್ ಎಂಬ ಉಪ್ಪು ಹಾಕಿದ ಬೆನ್ನು-ಪಕ್ಕೆಯ ಮಾಂಸಕ್ಕೆ ಮಾರುಕಟ್ಟೆ ಬೆಳೆದಂತೆ ಉದ್ದ ಬೆನ್ನಿನ ಹಂದಿಗೆ ಬೆಲೆ ಬಂತು. ರೈತರು ಉದ್ದನೆಯವನ್ನೇ ಉಳಿಸಿಕೊಂಡರು. ಅವರಿಗೆ ತಿಳಿಯದೆಯೇ ಮೂಳೆಯ ಸಂಖ್ಯೆಯೇ ಏರಿತು. 2012ರಲ್ಲಿ ಸ್ವೀಡನ್ನಿನ ಉಪ್ಸಾಲಾ ತಂಡ ಯುರೋಪಿನ ಸಾಕುಹಂದಿ ಮತ್ತು ಕಾಡುಹಂದಿಗಳ ಪೂರ್ಣ ಜೀನೋಮುಗಳನ್ನು ಹೋಲಿಸಿದಾಗ ಎದ್ದು ಕಂಡ ಬೋಳು ಜಾಗಗಳಲ್ಲಿ ಮೂರು, ದೇಹದ ಉದ್ದ ಮತ್ತು ಗಾತ್ರಕ್ಕೆ ಸಂಬಂಧಿಸಿದವಾಗಿದ್ದವು: ಎನ್‌ಆರ್6ಎ1, ಪ್ಲ್ಯಾಗ್1, ಎಲ್‌ಕೋರ್ಲ್. ಇವುಗಳಲ್ಲಿ ಮೊದಲನೆಯದಕ್ಕೂ ಕಶೇರುಗಳ ಸಂಖ್ಯೆಗೂ ಇರುವ ನಂಟನ್ನು ಜಪಾನಿನ ಸಂಶೋಧಕರು 2007ರಲ್ಲೇ ತೋರಿಸಿದ್ದರು. ಎರಡು ದಾರಿಯಲ್ಲಿ ಹೊರಟವರು ಒಂದೇ ಬಾಗಿಲಿಗೆ ಬಂದು ನಿಂತರು. ಇಂಥ ಕಡೆ ಅನುಮಾನವನ್ನು ಪಕ್ಕಕ್ಕಿಡಬಹುದು.

ಎರಡನೆಯದು ಮಾಂಸ. ಕಾಡುಹಂದಿಗೂ ಲಾರ್ಜ್ ವೈಟ್ ತಳಿಗೂ ಅಡ್ಡಹಾಯಿಸಿ ಮೊಮ್ಮಕ್ಕಳನ್ನು ಅಳೆಯುತ್ತಿದ್ದ ಸ್ವೀಡನ್ನಿನ ತಂಡಕ್ಕೂ ಇಂಥದೇ ಪ್ರಯೋಗ ನಡೆಸಿದ್ದ ಬೆಲ್ಜಿಯಮ್ಮಿನ ತಂಡಕ್ಕೂ 1999ರಲ್ಲಿ ಒಂದು ವಿಚಿತ್ರ ಕಂಡಿತು. ಸ್ನಾಯು ಹೆಚ್ಚಿಸಿ ಕೊಬ್ಬು ಇಳಿಸುವ ಒಂದು ಗುಣ ತಂದೆಯಿಂದ ಬಂದರೆ ಮಾತ್ರ ಪ್ರಕಟವಾಗುತ್ತಿತ್ತು, ತಾಯಿಯಿಂದ ಬಂದರೆ ಇಲ್ಲವೇ ಇಲ್ಲ. ಐಜಿಎಫ್2 ಎಂಬ ಆ ವಂಶವಾಹಿಯ ತಾಯಿ ಕಡೆಯ ನಕಲು ಸ್ನಾಯುಗಳಲ್ಲಿ ಬಾಯಿ ಮುಚ್ಚಿಕೊಂಡಿರುತ್ತದೆ. ಎರಡೂ ತಂಡಗಳು ಕೈಜೋಡಿಸಿ 2003ರಲ್ಲಿ ಕಾರಣವನ್ನು ಬೊಟ್ಟಿಟ್ಟು ತೋರಿಸಿದವು: ಜಿ ಇದ್ದಲ್ಲಿ ಎ. ಒಂದೇ ಅಕ್ಷರ. ಅದೂ ಪ್ರೋಟೀನನ್ನು ಬರೆಯುವ ಭಾಗದಲ್ಲಲ್ಲ, ನಡುವೆ ಕತ್ತರಿಸಿ ಬಿಸಾಡುವ ತುಣುಕಿನಲ್ಲಿ. ವಂಶವಾಹಿಗೆ ಕಡಿವಾಣ ಹಾಕುವ ಒಂದು ಪ್ರೋಟೀನು ಅಲ್ಲಿ ಬಂದು ಕೂರಬೇಕು. ಅಕ್ಷರ ಬದಲಾದರೆ ಅದಕ್ಕೆ ಕೂರಲು ಜಾಗವಿಲ್ಲ. ಕಡಿವಾಣ ಕಳಚಿದ ವಂಶವಾಹಿ ಮೂರ್ನಾಲ್ಕು ಪಟ್ಟು ಸಂದೇಶ ಕಳಿಸುತ್ತದೆ, ಹಂದಿಯಲ್ಲಿ ಶೇ 3–4ರಷ್ಟು ಹೆಚ್ಚು ಮಾಂಸ ತುಂಬುತ್ತದೆ. ಕಾಡುಹಂದಿಯಲ್ಲಿ ಈ ಎ ಇಲ್ಲ. ಕೊಬ್ಬಿಲ್ಲದ ಮಾಂಸಕ್ಕಾಗಿ ತಲೆಮಾರುಗಟ್ಟಲೆ ಆರಿಸಿದ ಪಶ್ಚಿಮದ ತಳಿಗಳಲ್ಲಿ ಎಲ್ಲೆಲ್ಲೂ ಅದೇ. ರೈತ ತಕ್ಕಡಿ ನೋಡಿ ಗಂಡುಹಂದಿ ಆರಿಸಿದ. ಅಕ್ಷರ ಹಿಂದೆಯೇ ಬಂತು.

ಬಳ್ಳಿಯ ಜೊತೆ ಮುಳ್ಳೂ ಬರುತ್ತದೆ. ದುಂಡುತೊಡೆಯ, ಕೊಬ್ಬಿಲ್ಲದ ಹಂದಿಗಳನ್ನು ಆರಿಸುತ್ತ ಹೋದವರಿಗೆ 1960–70ರ ದಶಕದಲ್ಲಿ ಒಂದು ಕಾಟ ಎದುರಾಯಿತು. ಲಾರಿಗೆ ಹತ್ತಿಸುವಾಗ, ಅಟ್ಟಿಸಿಕೊಂಡು ಹೋಗುವಾಗ ಹಂದಿಗಳು ಮೈ ಬಿಸಿಯೇರಿ, ಸೆಟೆದು ಸಾಯುತ್ತಿದ್ದವು. ಬದುಕಿ ಕಸಾಯಿಖಾನೆ ಮುಟ್ಟಿದವುಗಳ ಮಾಂಸವೂ ಬಿಳಿಚಿ, ಮೆತ್ತಗಾಗಿ, ನೀರು ಬಿಡುತ್ತಿತ್ತು. ಕೆನಡಾದ ಸಂಶೋಧಕರು 1991ರಲ್ಲಿ ಕಾರಣ ಹಿಡಿದರು. ಸ್ನಾಯುವಿನಲ್ಲಿ ಕ್ಯಾಲ್ಸಿಯಂ ಬಿಡುಗಡೆ ಮಾಡುವ ಆರ್‌ವೈಆರ್1 ಎಂಬ ಬಾಗಿಲು ಒಂದಕ್ಷರದ ದೋಷದಿಂದ ಸಡಿಲವಾಗಿತ್ತು. ಐದು ಬೇರೆ ಬೇರೆ ತಳಿಗಳಲ್ಲಿ ದೋಷ ಅದೇ. ಅದರ ಅಕ್ಕಪಕ್ಕದ ಡಿಎನ್‌ಎಯೂ ಅದೇ. ಬಹುಶಃ ಒಂದೇ ಪೂರ್ವಜ ಹಂದಿಯಿಂದ ಹೊರಟು, ದಪ್ಪ ತೊಡೆಯ ಆಸೆಯ ಬೆನ್ನೇರಿ ದೇಶದೇಶ ಸುತ್ತಿತ್ತು. ರೋಗವನ್ನು ಹಣಕೊಟ್ಟು ಆರಿಸಿದ ಹಾಗಾಯಿತು. ಅದೃಷ್ಟಕ್ಕೆ, ಕಾರಣ ಗೊತ್ತಾದ ಮೇಲೆ ರಕ್ತಪರೀಕ್ಷೆಯಿಂದ ದೋಷವುಳ್ಳ ಹಂದಿಗಳನ್ನು ಕೈಬಿಡುವುದು ಸುಲಭವಾಯಿತು.

ಇಷ್ಟೆಲ್ಲ ಹೇಳಿದರೂ ಇವು ಫಾರ್ಮ್ ಹಂದಿಗಳ, ಅಂದರೆ ಕಳೆದ ಇನ್ನೂರು ಮುನ್ನೂರು ವರ್ಷಗಳ ಕತೆ. ನಾಟಿ ತಳಿಗಳ ಕತೆಗೆ ಹಿಂದೆ ಹೋಗಬೇಕು.

ಹಂದಿಯನ್ನು ಮನುಷ್ಯ ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ, ಕನಿಷ್ಠ ಎರಡು ಕಡೆ ಪಳಗಿಸಿದ: ಇಂದಿನ ಟರ್ಕಿಯ ಪೂರ್ವಭಾಗದಲ್ಲಿ ಮತ್ತು ಚೀನಾದಲ್ಲಿ. ಭಾರತದ ಕಾಡುಹಂದಿಗಳಿಂದಲೂ ಪ್ರತ್ಯೇಕವಾಗಿ ಪಳಗಿಸಿರಬಹುದು ಎಂಬ ಸುಳಿವನ್ನು ಲಾರ್ಸನ್ ತಂಡದ 2005ರ ಅಧ್ಯಯನ ಕೊಟ್ಟಿತು. ಆದರೆ ಪಳಗಿಸುವುದು ಎಂದರೆ ಬೇಲಿ ಹಾಕಿ ಕೂಡಿಹಾಕುವುದು ಎಂದು ಎಣಿಸಿದ್ದರೆ ತಪ್ಪು. ಊರಹಂದಿ ಹಗಲೆಲ್ಲ ಕಾಡಂಚಿನಲ್ಲಿ ಮೇಯುತ್ತಿತ್ತು, ಬೆದೆಗೆ ಬಂದಾಗ ಕಾಡಿನ ಗಂಡಿನ ಜೊತೆ ಕೂಡುತ್ತಿತ್ತು. ಟರ್ಕಿಯ ಹಂದಿಗಳನ್ನು ಹೊಡೆದುಕೊಂಡು ರೈತರು ಯುರೋಪಿಗೆ ಹೋದದ್ದು ಪ್ರಾಚೀನ ಮೂಳೆಗಳ ಡಿಎನ್‌ಎಯಿಂದ ಸ್ಪಷ್ಟ. ಆದರೆ ಇಂದಿನ ಯುರೋಪಿನ ಸಾಕುಹಂದಿಗಳಲ್ಲಿ ಆ ಮೂಲದ ಅಂಶ ಶೇ 4ಕ್ಕಿಂತ ಕಡಿಮೆ ಎಂದು 2019ರ ಅಧ್ಯಯನ ಹೇಳಿತು. ಸಾವಿರಾರು ವರ್ಷ ಅಲ್ಲಿನ ಕಾಡುಹಂದಿಗಳೊಡನೆ ಬೆರೆತು ಮೂಲ ರಕ್ತ ಬಹುತೇಕ ಕರಗಿಹೋಗಿದೆ.

ಇಷ್ಟು ಬೆರಕೆಯಾದರೂ ಊರಹಂದಿ ಊರಹಂದಿಯಾಗಿಯೇ ಉಳಿದದ್ದು ಹೇಗೆ ಎಂಬುದು ಒಳ್ಳೆಯ ಪ್ರಶ್ನೆ. ಲಾರೆಂಟ್ ಫ್ರಾಂಟ್ಸ್ ಮತ್ತು ಸಂಗಡಿಗರು 2015ರಲ್ಲಿ ನೂರಕ್ಕೂ ಹೆಚ್ಚು ಜೀನೋಮುಗಳನ್ನು ಓದಿ ಕೊಟ್ಟ ಉತ್ತರ ಹೀಗಿದೆ: ಕಾಡಿನ ಡಿಎನ್‌ಎ ಎಲ್ಲೆಡೆ ನುಗ್ಗಿದರೂ ಕೆಲವು ಜಾಗಗಳಿಗೆ ನುಗ್ಗಲಾಗಲಿಲ್ಲ. ಅವು ದ್ವೀಪಗಳ ಹಾಗೆ ಉಳಿದವು. ಪಟ್ಟೆಯ ಮರಿಯನ್ನೋ ಎಗರಿ ಓಡುವ ಮರಿಯನ್ನೋ ರೈತ ಪ್ರತಿ ತಲೆಮಾರಿನಲ್ಲೂ ಮೊದಲು ಕೊಯ್ದು ತಿಂದ. ಸಾಧು ಮರಿಯನ್ನು ಬೀಜಕ್ಕೆ ಬಿಟ್ಟ. ಅಷ್ಟೇ ಸಾಕಾಗಿತ್ತು.

ಚೀನಾದಲ್ಲಿ ಈ ಕೆಲಸ ಅತಿಸೂಕ್ಷ್ಮವಾಗಿ ನಡೆದಿದೆ. ಅಲ್ಲಿ ಪ್ರಾಂತ್ಯಕ್ಕೊಂದು ತಳಿ. ತಾಯ್‌ಹು ಸರೋವರದ ಸುತ್ತಲಿನ ಎರ್‌ಹುಆಲಿಯಾನ್ ಹಂದಿಗೆ ಮೊರದಗಲದ ಕಿವಿ ಕಣ್ಣಮೇಲೆ ಇಳಿಬಿದ್ದು ದಾರಿಯನ್ನೇ ಮುಚ್ಚುತ್ತದೆ. ಕಿವಿಯ ಈ ಗಾತ್ರಕ್ಕೆ ಪಿಪಿಎಆರ್‌ಡಿ ಎಂಬ ವಂಶವಾಹಿಯಲ್ಲಿ ಒಂದು ಅಮೈನೋ ಆಮ್ಲ ಬದಲಾದದ್ದು ಮುಖ್ಯ ಕಾರಣವೆಂದು 2011ರಲ್ಲಿ ಚೀನೀ ವಿಜ್ಞಾನಿಗಳು ತೋರಿಸಿದರು. ಅಗಲ ಕಿವಿಯಿಂದ ಮಾಂಸ ಹೆಚ್ಚುವುದಿಲ್ಲ, ಮರಿಯೂ ಹೆಚ್ಚುವುದಿಲ್ಲ. ಚೆಂದಕ್ಕೆ ಆರಿಸಿದ್ದೆಂದೇ ತೋರುತ್ತದೆ. ತಳಿ ಆಯ್ಕೆಯನ್ನು ಬರಿಯ ಲಾಭನಷ್ಟದ ಲೆಕ್ಕದಲ್ಲಿ ನೋಡುವವರು ಈ ಕಿವಿಯನ್ನೊಮ್ಮೆ ನೋಡಬೇಕು.

ಅದೇ ಸೀಮೆಯ ಮೆಯ್‌ಶಾನ್ ಹಂದಿ ಒಂದು ಸೂಲಿಗೆ 15ರ ಆಸುಪಾಸು ಮರಿ ಹಾಕುತ್ತದೆ. ಕಾಡುಹಂದಿ ಹಾಕುವುದು ನಾಲ್ಕಾರು. ಫ್ರಾನ್ಸ್ 1979ರಲ್ಲಿ ಈ ಹಂದಿಗಳನ್ನು ತರಿಸಿಕೊಂಡಿತು, ಮುಂದಿನ ದಶಕದಲ್ಲಿ ಬ್ರಿಟನ್, ಅಮೆರಿಕ ತರಿಸಿಕೊಂಡವು. ಆದರೆ ಚೀನೀ ರಕ್ತ ಅದಕ್ಕೂ ಎಷ್ಟೋ ಮೊದಲೇ ಯುರೋಪು ಸೇರಿತ್ತು. ಹದಿನೆಂಟು ಹತ್ತೊಂಬತ್ತನೇ ಶತಮಾನಗಳಲ್ಲಿ ವ್ಯಾಪಾರಿ ಹಡಗುಗಳಲ್ಲಿ ಬಂದ ಹಂದಿಗಳನ್ನು ಇಂಗ್ಲಿಷ್ ರೈತರು ತಮ್ಮ ಹಂದಿಗಳೊಡನೆ ಕೂಡಿಸಿದ್ದನ್ನು ಡಾರ್ವಿನ್ 1868ರ ತನ್ನ ಪುಸ್ತಕದಲ್ಲಿ ಚರ್ಚಿಸಿದ್ದಾನೆ. ಮಿರ್ತೆ ಬೊಸ್ಸೆ ಮತ್ತು ಸಂಗಡಿಗರು 2014ರಲ್ಲಿ ಲಾರ್ಜ್ ವೈಟ್ ಹಂದಿಗಳ ಜೀನೋಮಿನಲ್ಲಿ ಆ ಚೀನೀ ತುಣುಕುಗಳನ್ನು ಒಂದೊಂದಾಗಿ ಗುರುತಿಸಿದರು. ಎಎಚ್‌ಆರ್ ಎಂಬ ವಂಶವಾಹಿಯ ಸುತ್ತ ಚೀನೀ ತುಣುಕು ಅತಿಯಾಗಿ ಹರಡಿತ್ತು; ಅದಿದ್ದ ಹೆಣ್ಣುಹಂದಿಗಳಿಗೆ ಮರಿಯೂ ಹೆಚ್ಚು. ಜಗತ್ತಿನ ಫಾರ್ಮುಗಳಲ್ಲೆಲ್ಲ ತುಂಬಿರುವ ಬಿಳಿ 'ಇಂಗ್ಲಿಷ್' ಹಂದಿಯ ಹೆಚ್ಚುಗಾರಿಕೆಯಲ್ಲಿ ಚೀನಾದ ಹಳ್ಳಿಗರ ಪಾಲು ಹೀಗೆ ದಾಖಲಾಯಿತು. ನಾಟಿ ತಳಿಯಿಂದ ಏನು ಉಪಯೋಗ ಎಂದು ಕೇಳುವ ಪಶುಸಂಗೋಪನೆಯ ಯೋಜನೆಗಾರರಿಗೆ ಇದಕ್ಕಿಂತ ನೇರ ಉತ್ತರ ಸಿಗದು.

ಮನುಷ್ಯನ ಕಣ್ಣಿಗೆ ಬೀಳದೆ ಹವೆಯೇ ಮಾಡಿದ ಆಯ್ಕೆಯೂ ಇದೆ. ಹಂದಿ ಚಳಿಯನ್ನು ತಡೆದುಕೊಳ್ಳಲಾರದು. ಎಳೆಮರಿಗಂತೂ ಬೆಚ್ಚನೆಯ ಜಾಗ ಇಲ್ಲದಿದ್ದರೆ ಬದುಕೇ ಇಲ್ಲ. ಇಲಿಯಿಂದ ಮನುಷ್ಯನ ಕೂಸಿನವರೆಗೆ ಹಲವು ಪ್ರಾಣಿಗಳ ಮೈ ಬೆಚ್ಚಗಿಡುವ ಕಂದುಕೊಬ್ಬಿನ ಯುಸಿಪಿ1 ವಂಶವಾಹಿ ಹಂದಿಯ ಪೂರ್ವಜರಲ್ಲಿ ಸುಮಾರು 2 ಕೋಟಿ ವರ್ಷಗಳ ಹಿಂದೆಯೇ ಮುರಿದುಬಿತ್ತು. 2006ರಲ್ಲಿ ಇದು ತಿಳಿಯಿತು. ಬಿಸಿಲುಸೀಮೆಯಲ್ಲಿ ಇದ್ದವಕ್ಕೆ ಅದರ ಕೊರತೆ ಕಾಡಿರಲಾರದು. ಮುಂದೆ ತಣ್ಣನೆಯ ನಾಡುಗಳಿಗೆ ಹರಡಿದ ಹಂದಿಗಳು ಬೇರೆ ಉಪಾಯ ಹುಡುಕಿಕೊಂಡವು. ಕಾಡುಹಂದಿ ಹೆರುವ ಮುನ್ನ ಸೊಪ್ಪು-ಕಡ್ಡಿ ಗುಡ್ಡೆ ಹಾಕಿ ಗೂಡು ಕಟ್ಟುತ್ತದೆ; ಗೊರಸಿನ ಪ್ರಾಣಿಗಳಲ್ಲಿ ಇದು ಅಪರೂಪದ ನಡತೆ. ಈಶಾನ್ಯ ಚೀನಾದ ಮಿನ್ ತಳಿ ಚಳಿಗಾಲಕ್ಕೆ ಉದ್ದಗೂದಲಿನ ಕೆಳಗೆ ದಟ್ಟ ಒಳತುಪ್ಪಳ ಬೆಳೆಸುತ್ತದೆ. (2017ರಲ್ಲಿ ಚೀನಾದ ಪ್ರಯೋಗಾಲಯವೊಂದು ಇಲಿಯ ಯುಸಿಪಿ1 ಅನ್ನು ಹಂದಿಗೆ ಮರಳಿ ಸೇರಿಸಿತು; ಆ ಮರಿಗಳು ಚಳಿಯನ್ನು ಚೆನ್ನಾಗಿ ತಡೆದುಕೊಂಡವು.)

ಚೀನಾದ 15 ಕಡೆಗಳ 69 ಹಂದಿಗಳ ಜೀನೋಮ್ ಓದಿದ ಜಿಯಾಂಗ್‌ಶಿ ಕೃಷಿ ವಿಶ್ವವಿದ್ಯಾಲಯದ ತಂಡಕ್ಕೆ 2015ರಲ್ಲಿ ಎಕ್ಸ್ ವರ್ಣತಂತುವಿನ ಮೇಲೆ ವಿಚಿತ್ರವಾದ ತುಂಡೊಂದು ಸಿಕ್ಕಿತು. ಉದ್ದ 1.4 ಕೋಟಿ ಅಕ್ಷರ. ಉತ್ತರದ ಚಳಿಸೀಮೆಯ ಹಂದಿಗಳಲ್ಲಿ ಒಂದು ಬಗೆ, ದಕ್ಷಿಣದ ಸೆಕೆಸೀಮೆಯವುಗಳಲ್ಲಿ ಇನ್ನೊಂದು ಬಗೆ. ಎರಡರ ನಡುವಿನ ಅಂತರ ಒಂದೇ ಪ್ರಭೇದದೊಳಗೆ ನಿರೀಕ್ಷಿಸುವುದಕ್ಕಿಂತ ಬಹಳ ಹೆಚ್ಚು. ಈಗ ಅಳಿದುಹೋಗಿರುವ ಬೇರೊಂದು ಹಂದಿ ಪ್ರಭೇದದೊಡನೆ ಎಂದೋ ಬೆರೆತಾಗ ಉತ್ತರದ ತುಂಡು ಬಂದಿರಬೇಕೆಂದು ತಂಡ ಊಹಿಸಿತು. ಅಚ್ಚರಿಯೆಂದರೆ ಯುರೋಪಿನ ಹಂದಿಗಳಲ್ಲಿರುವುದೂ ಅದೇ ಉತ್ತರದ ಬಗೆ. ಆದರೆ ಆ ಭಾಗದಲ್ಲಿ ವರ್ಣತಂತುಗಳ ಅದಲುಬದಲು ತೀರಾ ಕಡಿಮೆ. ಹಾಗಾಗಿ ಯಾವ ಅಕ್ಷರ ನಿಜವಾಗಿ ಕೆಲಸ ಮಾಡುತ್ತಿದೆ, ಯಾವುದು ಸುಮ್ಮನೆ ಜೊತೆಗೆ ಬಂದಿದೆ ಎಂದು ಬಿಡಿಸುವುದು ಕಷ್ಟ.

ರುಚಿಗೂ ಗುರುತಿದೆ. ಕೊರಿಯಾದ ಜೆಜು ದ್ವೀಪದ ಕರಿಹಂದಿ ಚಿಕ್ಕದು, ನಿಧಾನ ಬೆಳೆಯುವಂಥದ್ದು. ಹಳೆಯ ಮನೆಗಳಲ್ಲಿ ಪಾಯಿಖಾನೆಯ ಕೆಳಗಿನ ದೊಡ್ಡಿಯಲ್ಲಿ ಸಾಕುತ್ತಿದ್ದದ್ದು. ಗೋವಾದ ಹಳ್ಳಿಮನೆಗಳಲ್ಲೂ ಇದೇ ವ್ಯವಸ್ಥೆ ಇತ್ತೆಂಬುದು ನಮ್ಮ ಕಾರವಾರದ ಕಡೆಯವರಿಗೆ ಗೊತ್ತು. ಮಾಂಸ ಮಾತ್ರ ಕೆಂಪಗೆ, ಎಳೆಎಳೆಯಲ್ಲೂ ನೆಣ ಬೆರೆತು ರುಚಿ. ಎಂವೈಎಚ್3 ವಂಶವಾಹಿಯ ಮುಂಬಾಗಿಲಿನಲ್ಲಿ ಆರು ಅಕ್ಷರ ಬಿಟ್ಟುಹೋಗಿರುವುದು ಈ ಗುಣಕ್ಕೆ ಕಾರಣವೆಂದು 2019ರಲ್ಲಿ ಕೊರಿಯಾದ ವಿಜ್ಞಾನಿಗಳು ತೋರಿಸಿದರು. ಅದಕ್ಕೂ ನಾಲ್ಕು ವರ್ಷ ಮುಂಚೆ, 2015ರಲ್ಲಿ, ಕೊರಿಯಾ ಸರ್ಕಾರ ಆ ಹಂದಿಯನ್ನು ನೈಸರ್ಗಿಕ ಸ್ಮಾರಕವೆಂದು ಘೋಷಿಸಿ ಆಗಿತ್ತು.

ನಮ್ಮ ಹಂದಿಗಳು? 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿದ್ದವು 90.6 ಲಕ್ಷ, 2012ಕ್ಕಿಂತ ಶೇ 12ರಷ್ಟು ಕಡಿಮೆ. ಅತಿಹೆಚ್ಚು ಅಸ್ಸಾಮಿನಲ್ಲಿ, ಸುಮಾರು 21 ಲಕ್ಷ. ಒಟ್ಟು ಹಂದಿಗಳಲ್ಲಿ ಮುಕ್ಕಾಲಿಗೂ ಹೆಚ್ಚು ದೇಸಿಯವೇ. ಕರ್ನಾಲಿನ ರಾಷ್ಟ್ರೀಯ ಪ್ರಾಣಿ ತಳಿ ಸಂಪನ್ಮೂಲ ಸಂಸ್ಥೆಯ ದಾಖಲೆಯಲ್ಲಿ ಉತ್ತರ ಬಂಗಾಳದ ಘುಂಗ್ರೂ, ಮೇಘಾಲಯದ ನಿಯಾಂಗ್ ಮೇಘಾ, ನಾಗಾಲ್ಯಾಂಡಿನ ತೆನ್ಯಿ ವೊ, ಮಿಜೋರಾಮಿನ ಜೊವಾಕ್, ಅಸ್ಸಾಮಿನ ಡೂಮ್, ಉತ್ತರ ಪ್ರದೇಶದ ಘುರ್ರಾ, ಗೋವಾದ ಅಗೊಂಡಾ ಗೋವನ್, ನಿಕೋಬಾರಿ ಮೊದಲಾದವು ಇವೆ. ಬಹುಪಾಲು ಕಪ್ಪು. ಕೆಲವಕ್ಕೆ ಹಣೆಯಲ್ಲಿ, ಕಾಲಿನಲ್ಲಿ ಬಿಳಿ. ನಿಯಾಂಗ್ ಮೇಘಾದ ಬೆನ್ನಮೇಲೆ ನಿಮಿರಿದ ಬಿರುಗೂದಲು. ಘುಂಗ್ರೂವಿಗೆ ಬುಲ್‌ಡಾಗಿನಂಥ ಚಪ್ಪಟೆ ಮೂತಿ, ಆನೆಗಿವಿ, ಬೇರೆ ದೇಸಿ ಹಂದಿಗಳಿಗಿಂತ ದೊಡ್ಡ ಸೂಲು.

ಕರ್ನಾಟಕದಲ್ಲಿ ಹಂದಿ ಜೋಗಿ, ಕೊರಮ, ಕೊರಚ ಸಮುದಾಯದವರು ತಲೆತಲಾಂತರದಿಂದ ಸಾಕಿದ ಕರಿಹಂದಿಗಳಿಗೆ ಇಂಥ ಹೆಸರಿನ ಭಾಗ್ಯ ಬಂದಿಲ್ಲ. ಅವು ಎಲ್ಲರ ಬಾಯಲ್ಲೂ 'ನಾಟಿ' ಅಷ್ಟೆ. ಕೊಡಗಿನಲ್ಲಿ ಕಾಚಂಪುಳಿ ಹಾಕಿ ಪಂದಿ ಕರಿ ಮಾಡುವವರು ಚರ್ಮ-ನೆಣ ಸಮೇತದ ತುಂಡೇ ಬೇಕೆಂದು ಕೇಳುವುದುಂಟು. ನೆಣ ಬೇಡವೆಂದು ಪಶ್ಚಿಮದವರು ಐಜಿಎಫ್2ರ ಅಕ್ಷರ ಬದಲಾದ ಹಂದಿಗಳನ್ನೇ ಆರಿಸಿದ್ದನ್ನು ನೆನೆದರೆ, ಅಡುಗೆಮನೆಯ ಬಯಕೆ ಬೇರೆಯಾದಲ್ಲಿ ಜೀನೋಮಿನ ದಾರಿಯೂ ಬೇರೆಯಾಗುವುದು ಸಹಜ ಎನಿಸುತ್ತದೆ. ಬಣ್ಣಕ್ಕೂ ಈ ಮಾತು ಸಲ್ಲುತ್ತದೆ. ಬಿಳಿ ಹಂದಿಗೆ ಬಿಸಿಲಿನಲ್ಲಿ ಚರ್ಮ ಸುಡುತ್ತದೆ. ನೆರಳಿನ ಶೆಡ್ ಇಲ್ಲದೆ ಅದನ್ನು ಸಾಕಲಾಗದು. ದಿನವಿಡೀ ಬಯಲಲ್ಲಿ ಅಲೆದು ಹೊಟ್ಟೆ ಹೊರೆಯಬೇಕಾದ ಹಂದಿಗೆ ಕಪ್ಪು ಬಣ್ಣ ಸಾಕಿದವರ ಇಷ್ಟವೂ ಹೌದು, ಬಿಸಿಲಿನ ಒತ್ತಾಯವೂ ಹೌದು. ಇಲ್ಲಿ ಎರಡು ಕೈಗಳ ಗುರುತು ಒಂದರ ಮೇಲೊಂದು ಬಿದ್ದಿದೆ.

ಓದುವ ಸಲಕರಣೆಯಲ್ಲೇ ಒಂದು ವಾರೆ ಇದೆ ಎಂಬುದನ್ನೂ ಹೇಳಬೇಕು. 2012ರಲ್ಲಿ ಪ್ರಕಟವಾದ ಹಂದಿಯ ಮಾದರಿ ಜೀನೋಮ್ ಅಮೆರಿಕದ ಡ್ಯುರಾಕ್ ತಳಿಯ ಒಂದು ಹೆಣ್ಣಿನದು, ಟಿ.ಜೆ. ಟಬಾಸ್ಕೊ ಎಂದು ಅದಕ್ಕೆ ಹೆಸರೂ ಇತ್ತು. ಬಹಳ ಬಳಕೆಯಲ್ಲಿರುವ 60,000 ಬಿಂದುಗಳ ಡಿಎನ್‌ಎ ಚಿಪ್ಪನ್ನು 2009ರಲ್ಲಿ ರೂಪಿಸಿದಾಗ ಬಿಂದುಗಳನ್ನು ಆರಿಸಿದ್ದು ಮುಖ್ಯವಾಗಿ ಪಶ್ಚಿಮದ ತಳಿಗಳಿಂದ. ಅದೇ ಚಿಪ್ಪಿನಲ್ಲಿ ಏಷ್ಯಾದ ಹಂದಿಯನ್ನು ಅಳೆದರೆ, ಅದರ ಸ್ವಂತ ವೈವಿಧ್ಯ ಇರುವ ಬಿಂದುಗಳೇ ಪಟ್ಟಿಯಲ್ಲಿ ಇಲ್ಲದಿರುವುದರಿಂದ, ಅದು ಇರುವುದಕ್ಕಿಂತ ಬಡವಾಗಿ ಕಾಣುತ್ತದೆ. ಬೋಳು ಅಲ್ಲದ ಜಾಗವೂ ಬೋಳಾಗಿ ಕಂಡೀತು. ಚಿಪ್ಪು ಅಗ್ಗ, ಪೂರ್ಣ ಜೀನೋಮ್ ಓದುವುದು ದುಬಾರಿ. ಆದರೂ ದೇಸಿ ತಳಿಗಳ ಮಟ್ಟಿಗೆ ದುಬಾರಿಯೇ ಸರಿಯಾದ ದಾರಿ.

ಓದಲು ಹಂದಿಯೂ ಉಳಿಯಬೇಕಲ್ಲ. ಗುವಾಹಟಿ ಬಳಿ ರಾಣಿ ಎಂಬಲ್ಲಿರುವ ರಾಷ್ಟ್ರೀಯ ಹಂದಿ ಸಂಶೋಧನಾ ಕೇಂದ್ರ ಹ್ಯಾಂಪ್‌ಶೈರ್ ಮತ್ತು ಘುಂಗ್ರೂ ಸರಿಸಮ ಬೆರೆತ 'ರಾಣಿ' ಎಂಬ ಮಿಶ್ರತಳಿಯನ್ನು ರೂಪಿಸಿದೆ. ರೈತರಿಗೆ ಅದು ಲಾಭದ್ದೇ: ಬೇಗ ತೂಕ ಬರುತ್ತದೆ, ನಾಟಿಯ ಗಟ್ಟಿತನವೂ ಒಂದಷ್ಟು ಉಳಿಯುತ್ತದೆ. ಆದರೆ ಲೆಕ್ಕವಿಲ್ಲದೆ ಊರೂರಲ್ಲಿ ಸೀಮೆ ಗಂಡುಹಂದಿ ಬಿಟ್ಟರೆ ಆಗುವುದೇ ಬೇರೆ. ಅದರ ಮೇಲೆ 2020ರಲ್ಲಿ ಅಸ್ಸಾಂ, ಅರುಣಾಚಲ ಪ್ರದೇಶಗಳಲ್ಲಿ ಕಾಣಿಸಿಕೊಂಡ ಆಫ್ರಿಕನ್ ಹಂದಿ ಜ್ವರ. ಅದಕ್ಕೆ ಮದ್ದಿಲ್ಲ, ಸೋಂಕು ಕಂಡ ಕೊಟ್ಟಿಗೆಯ ಸುತ್ತಲಿನ ಹಂದಿಗಳನ್ನೆಲ್ಲ ಕೊಂದು ಹೂಳುವುದೇ ನಿಯಮ.

ಹಸುಗಳಲ್ಲಾದರೆ ವೀರ್ಯವನ್ನು ದ್ರವ ಸಾರಜನಕದಲ್ಲಿ ಹಾಕಿ ದಶಕಗಟ್ಟಲೆ ಇಡುವ ವಾಡಿಕೆ ಇದೆ. ಹಂದಿಯ ವೀರ್ಯಾಣು ಚಳಿಗೆ ಬಹಳ ನಾಜೂಕು. ಹೆಪ್ಪುಗಟ್ಟಿಸಿದರೆ ಬಹುಪಾಲು ಸಾಯುತ್ತವೆ, ಉಳಿದವುಗಳಿಂದ ಗರ್ಭ ನಿಲ್ಲುವುದೂ ಕಡಿಮೆ. ಆದ್ದರಿಂದ ಕೃತಕ ಗರ್ಭಧಾರಣೆಗೆ ಸಾಮಾನ್ಯವಾಗಿ ಬಳಸುವುದು 17 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಟ್ಟ ತಾಜಾ ವೀರ್ಯವನ್ನು. ಅದು ಕೆಲವೇ ದಿನ ಬಾಳುತ್ತದೆ. ಅಂದರೆ ತಳಿ ಉಳಿಯಲು ಬದುಕಿರುವ ಗಂಡುಹಂದಿಗಳು ಬೇಕು, ಅವನ್ನು ಸಾಕುವವರು ಬೇಕು. ಹಳ್ಳಿಯಲ್ಲಿ ಗಂಡುಮರಿಗಳ ಗತಿ ಬೇರೆ: ಮಾಂಸಕ್ಕೆ ವಾಸನೆ ಬರದಿರಲಿ, ಬೇಗ ಕೊಬ್ಬಲಿ ಎಂದು ಎಳೆತನದಲ್ಲೇ ಬೀಜ ತೆಗೆಯುತ್ತಾರೆ. ಹಾಗೆ ಮಾಡುವಾಗ ಚೆನ್ನಾಗಿ ಮೈತುಂಬಿದ ಮರಿಯೇ ಮೊದಲು ಸಿಗುತ್ತದೆ, ಏಕೆಂದರೆ ಹಬ್ಬದ ಹೊತ್ತಿಗೆ ಅದಕ್ಕೇ ಹೆಚ್ಚು ಬೆಲೆ. ಸಣಕಲು ಮರಿ ಹಾಗೇ ಉಳಿದು, ಬೆಳೆದು, ಒಡಹುಟ್ಟಿದವುಗಳೊಡನೆಯೇ ಕೂಡುತ್ತದೆ. ಈಶಾನ್ಯದಲ್ಲಿ ತಳಿ ಸಂರಕ್ಷಣೆಯ ಕೆಲಸಕ್ಕೆ ಇಳಿದವರು ಮೊದಲು ರೈತರ ಜೊತೆ ಚೌಕಾಸಿ ಮಾಡಬೇಕಾಗುವುದು ಇದರ ಬಗ್ಗೆಯೇ: ಈ ಸೂಲಿನಲ್ಲಿ ಯಾವ ಗಂಡುಮರಿಯನ್ನು ಬೀಜಕ್ಕೆ ಬಿಡುತ್ತೀರಿ, ಅದನ್ನು ಮಾರದೆ ಇಟ್ಟುಕೊಳ್ಳಲು ಎಷ್ಟು ಕೊಡಬೇಕು?